‘ಫ್ರೀಕ್ ಔಟ್!’ ಎಲ್‌ಪಿ ಕೊಳ್ಳುವವರೇ, ದುಡ್ಡು ಕೊಡುವ ಮುಂಚೆ ಎರಡನೇ ಡಿಸ್ಕ್ ತೋರಿಸು ಅನ್ನಿ

ಹಳೆಯ ಎಲ್‌ಪಿ (ಗ್ರಾಮಫೋನ್ ತಟ್ಟೆ) ಕೂಡಿಹಾಕುವ ಗೆಳೆಯರಿಗಾಗಿ ಬರೆಯುತ್ತಿದ್ದೇನೆ, ಅದರಲ್ಲೂ ಅಮೆರಿಕದ ರಾಕ್ ಸಂಗೀತಗಾರ ಫ್ರ್ಯಾಂಕ್ ಝಪ್ಪಾನ ಹುಚ್ಚು ಹಿಡಿದವರಿಗೆ. ಅವನ ‘ದಿ ಮದರ್ಸ್ ಆಫ್ ಇನ್ವೆನ್ಷನ್’ ತಂಡದ ಚೊಚ್ಚಲ ಆಲ್ಬಮ್ ‘ಫ್ರೀಕ್ ಔಟ್!’ 1966ರ ಅಮೆರಿಕನ್ ಮೊದಲ ಪ್ರೆಸ್ಸಿಂಗ್ (ಮೊದಲ ಅಚ್ಚು), ಸ್ಟೀರಿಯೋ (ಎಡಬಲ ಸ್ಪೀಕರುಗಳಿಗೆ ದನಿ ಹಂಚುವ ರೀತಿ), ಎರಡೂ ಡಿಸ್ಕ್ ಸುಸ್ಥಿತಿಯಲ್ಲಿವೆ ಎಂದು ಹೇಳಿ ಹೊರದೇಶದ ಮಾರಾಟಗಾರನೊಬ್ಬ ನನ್ನಿಂದ ದೊಡ್ಡ ಮೊತ್ತವನ್ನೇ ವಸೂಲು ಮಾಡಿದ. ಬೆಂಗಳೂರಿಗೆ ಬಂದು ಬಿದ್ದದ್ದು ಎರಡು ಬೇರೆ ಬೇರೆ ಸೆಟ್‌ಗಳ ಚೂರುಗಳನ್ನು ಒಂದು ಕವರಿಗೆ ತುರುಕಿದ ಮಾಲು. ಬೇರೆ ರಾಕ್ ಆಲ್ಬಮ್ಮುಗಳಿಗಿಂತ ಈ ಆಲ್ಬಮ್ಮಿನಲ್ಲಿ ಇಂಥ ಆಟ ಸುಲಭ. ಯಾಕೆಂದರೆ ಇದರ ಬಿಡುಗಡೆಯ ಚರಿತ್ರೆಯೇ ಅಷ್ಟು ಗೋಜಲು.

ಆಲ್ಬಮ್ ರೆಕಾರ್ಡ್ ಆದದ್ದು 1966ರ ಮಾರ್ಚ್‌ನಲ್ಲಿ, ಹಾಲಿವುಡ್‌ನ ಟಿಟಿಜಿ ಸ್ಟುಡಿಯೋದಲ್ಲಿ. ನಿರ್ಮಾಪಕ ಟಾಮ್ ವಿಲ್ಸನ್, ಅದಕ್ಕೂ ಮುಂಚೆ ಬಾಬ್ ಡಿಲನ್ ಜೊತೆ ಕೆಲಸ ಮಾಡಿದ್ದವನು. ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆಯ 1965ರ ಜನಾಂಗೀಯ ಗಲಭೆಯ ಬಗ್ಗೆ ಝಪ್ಪಾ ಬರೆದ ‘ಟ್ರಬಲ್ ಎವೆರಿ ಡೇ’ ಹಾಡನ್ನು ಕ್ಲಬ್ಬಿನಲ್ಲಿ ಕೇಳಿದ ವಿಲ್ಸನ್, ಇವರು ಬ್ಲೂಸ್ ನುಡಿಸುವ ತಂಡ ಅಂದುಕೊಂಡೇ ಸಹಿ ಹಾಕಿಸಿಕೊಂಡನಂತೆ. ಸ್ಟುಡಿಯೋಗೆ ಬಂದ ಮೇಲೆ ಅವನಿಗೆ ಕಾದಿದ್ದದ್ದೇ ಬೇರೆ. ಬರೀ ‘ಮದರ್ಸ್’ ಅನ್ನುವ ಹೆಸರು ಬೈಗುಳವೊಂದರ ಮೊಟಕಿನಂತೆ ಅಶ್ಲೀಲವಾಗಿ ಕೇಳುತ್ತದೆಂದು ಕಂಪನಿ ಹಟ ಹಿಡಿದಾಗ ‘ಆಫ್ ಇನ್ವೆನ್ಷನ್’ ಎಂಬ ಬಾಲ ಅಂಟಿಕೊಂಡಿತು. 1966ರ ಜೂನ್ 27ರಂದು ಎಂಜಿಎಂ ಕಂಪನಿಯ ವರ್ವ್ ಲೇಬಲ್ ಇದನ್ನು ಹೊರತಂದಿತು. ಹೊಸ ತಂಡವೊಂದರ ಮೊದಲ ಆಲ್ಬಮ್ಮೇ ಡಬಲ್ ಎಲ್‌ಪಿ! ಆ ಕಾಲಕ್ಕೆ ಅದು ಕೇಳರಿಯದ ಧೈರ್ಯ. ಮಾರಾಟ ಮಾತ್ರ ಅಷ್ಟಕ್ಕಷ್ಟೇ, ಬಿಲ್‌ಬೋರ್ಡ್ ಪಟ್ಟಿಯಲ್ಲಿ 130ನೇ ಸ್ಥಾನ.

ಮೊದಲ ಡಿಸ್ಕ್‌ನಲ್ಲಿ ಪ್ರೇಮಗೀತೆಗಳ ವೇಷ ತೊಟ್ಟ ಕುಚೋದ್ಯ, ಎರಡನೇ ಡಿಸ್ಕ್ ಶುರುವಾಗುವ ಮೂರನೇ ಸೈಡ್‌ನಿಂದ ಹುಚ್ಚು ಜೋರಾಗುತ್ತದೆ, ನಾಲ್ಕನೇ ಸೈಡ್ ತುಂಬ ಒಂದೇ ರಚನೆ, ಹನ್ನೆರಡು ನಿಮಿಷಕ್ಕೂ ಮೀರಿದ ‘ದಿ ರಿಟರ್ನ್ ಆಫ್ ದ ಸನ್ ಆಫ್ ಮಾನ್‌ಸ್ಟರ್ ಮ್ಯಾಗ್ನೆಟ್’. ಐನೂರು ಡಾಲರ್ ಬಾಡಿಗೆಯ ತಾಳವಾದ್ಯಗಳನ್ನು ತರಿಸಿ, ಲಾಸ್ ಏಂಜಲೀಸಿನ ಸನ್‌ಸೆಟ್ ಸ್ಟ್ರಿಪ್ ಬೀದಿಯಲ್ಲಿ ಅಲೆಯುತ್ತಿದ್ದ ಜನರನ್ನು ಸ್ಟುಡಿಯೋಗೆ ಕರೆದು ಅವರ ಕೈಯಲ್ಲಿ ನುಡಿಸಿದ್ದು ಅದು. ಅದರ ಮೇಲೆ ಇನ್ನೂ ಪದರ ಹಾಕಬೇಕಿತ್ತು, ಕಂಪನಿ ಬಿಡಲಿಲ್ಲ, ಅರ್ಧಕ್ಕೇ ನಿಂತ ಕೆಲಸ ಎಂದು ಝಪ್ಪಾ ಆಮೇಲೆ ದೂರುತ್ತಿದ್ದ. ನನಗಂತೂ ಆ ಅರ್ಧವೇ ಸಾಕು. ಆಲ್ಬಮ್ ಇಡಿಯಾಗಿ ಒಂದು ಕಲ್ಪನೆ ಎಂದು ಕರೆಸಿಕೊಳ್ಳುವುದು ಈ ಏರಿಕೆಯಿಂದಾಗಿ. ಆದ್ದರಿಂದ ಎರಡನೇ ಡಿಸ್ಕ್ ಯಾವುದು ಅನ್ನುವುದು ಸಣ್ಣ ಪ್ರಶ್ನೆಯಲ್ಲ.

ಇನ್ನು ನನ್ನ ಕಥೆ. ಜಾಹೀರಾತಿನಲ್ಲಿದ್ದ ಫೋಟೋಗಳು ಚೆನ್ನಾಗಿಯೇ ಇದ್ದವು. ಮುಂಗವರ್, ‘ಸೂಜಿ ಕ್ರೀಮ್‌ಚೀಸ್’ ಎಂಬ ಕಲ್ಪಿತ ಹುಡುಗಿಯ ಹೆಸರಿನ ಪತ್ರವಿರುವ ಹಿಂಗವರ್, ಗೇಟ್‌ಫೋಲ್ಡ್ (ಪುಸ್ತಕದಂತೆ ತೆರೆಯುವ ಕವರ್) ಬಿಡಿಸಿದರೆ ಒಳಗೆ ಝಪ್ಪಾನ ಸಂಗೀತದ ಮೇಲೆ ಪ್ರಭಾವ ಬೀರಿದವರ ಉದ್ದನೆಯ ಪಟ್ಟಿ (179 ಹೆಸರು, ಎಣಿಸಿ ನೋಡಿದ ಪುಣ್ಯಾತ್ಮರಿದ್ದಾರೆ), ಜೊತೆಗೆ ಲಾಸ್ ಏಂಜಲೀಸಿನ ‘ಫ್ರೀಕ್ ಔಟ್ ಹಾಟ್ ಸ್ಪಾಟ್ಸ್’ ನಕ್ಷೆಯನ್ನು ಅಂಚೆಯಲ್ಲಿ ತರಿಸಿಕೊಳ್ಳಿ ಎಂಬ ಜಾಹೀರಾತು. ಈ ನಕ್ಷೆಯ ಜಾಹೀರಾತು ಅಚ್ಚಾಗಿದ್ದು ಅಮೆರಿಕದ ಆರಂಭದ ಪ್ರತಿಗಳಲ್ಲಿ ಮಾತ್ರ. ನಂತರದವುಗಳಲ್ಲಿ ತೆಗೆದುಹಾಕಿದರು. ಇದು ಕಂಡರೆ ಕೊಳ್ಳುವವನಿಗೆ ಜೀವ ಬಂದ ಹಾಗೆ, ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ. ಮಾರುವವನಿಗೆ ಇದು ಚೆನ್ನಾಗಿ ಗೊತ್ತಿತ್ತು.

ಪೊಟ್ಟಣ ಬಿಡಿಸಿದಾಗ ಒಳಗೆ ನಕ್ಷೆಯ ಜಾಹೀರಾತು ಇಲ್ಲ. ಫೋಟೋದಲ್ಲಿ ಕವರಿನ ಮೇಲಂಚಿನಲ್ಲಿದ್ದ ನೀರಿನ ಕಲೆ ಇಲ್ಲ, ಅದರ ಬದಲು ಫೋಟೋದಲ್ಲಿಲ್ಲದ ಒಂದು ಸೀಳು, ಪಾರದರ್ಶಕ ಟೇಪು. ಅಂದರೆ ಫೋಟೋ ಬೇರೆ ಪ್ರತಿಯದು. ಸರಿ, ಡಿಸ್ಕಾದರೂ ನೆಟ್ಟಗಿರಲಿ ಎಂದು ಲೇಬಲ್ ಓದಿದರೆ ಕ್ಯಾಟಲಾಗ್ ನಂಬರು ಒಂದನೆಯದರಲ್ಲಿ ವಿ-5005, ಎರಡನೆಯದರಲ್ಲಿ ವಿ6-5005. ವರ್ವ್‌ನವರ ಲೆಕ್ಕದಲ್ಲಿ ಬರೀ ‘ವಿ’ ಇದ್ದರೆ ಮೋನೋ (ಎರಡೂ ಸ್ಪೀಕರಿನಲ್ಲಿ ಒಂದೇ ದನಿ), ‘ವಿ6’ ಇದ್ದರೆ ಸ್ಟೀರಿಯೋ. ಒಂದು ಮನೆಯ ಮೋನೋ ಸೆಟ್ಟಿನ ಮೊದಲ ಡಿಸ್ಕನ್ನೂ ಇನ್ನೊಂದು ಮನೆಯ ಸ್ಟೀರಿಯೋ ಸೆಟ್ಟಿನ ಎರಡನೇ ಡಿಸ್ಕನ್ನೂ ಸೇರಿಸಿ ಸಂಸಾರ ಹೂಡಿಸಿದ್ದ ಮಹಾಶಯ.

ಕೇಳಿದರೆ ಇನ್ನೂ ಸ್ಪಷ್ಟ. ಮೊದಲೆರಡು ಸೈಡ್‌ಗಳು ಸ್ಪೀಕರುಗಳ ನಡುವೆ ಒಂದೇ ಕಡೆ ಗುಂಪುಗೂಡಿ ನಿಲ್ಲುತ್ತವೆ, ಮೂರನೆಯ ಸೈಡ್‌ನಲ್ಲಿ ‘ಟ್ರಬಲ್ ಎವೆರಿ ಡೇ’ ಶುರುವಾದ ಕೂಡಲೇ ಗಿಟಾರುಗಳು ಎಡಬಲಕ್ಕೆ ಹರಡಿಕೊಳ್ಳುತ್ತವೆ. ಗೊತ್ತಿಲ್ಲದವರು ಇದೂ ಝಪ್ಪಾನ ಕಿತಾಪತಿ ಇರಬೇಕು ಅಂದುಕೊಂಡಾರು.

ಮಾರಾಟಗಾರನಿಗೆ ಬರೆದೆ. ಮೊದಲ ಉತ್ತರ, ‘ಎರಡೂ ಡಿಸ್ಕು ಆ ಕಾಲದವೇ, ನಾನು ಸುಳ್ಳು ಹೇಳಿಲ್ಲ.’ ಫೋಟೋ ಬೇರೆ ಪ್ರತಿಯದಲ್ಲವೇ ಎಂದು ಕಲೆ, ಸೀಳು ತೋರಿಸಿದೆ. ‘ಅದು ಮಾದರಿ ಚಿತ್ರ’ ಎಂದ. ಮಾದರಿ ಎಂದು ಎಲ್ಲೂ ಬರೆದಿರಲಿಲ್ಲ, ಬೆಲೆ ಮಾತ್ರ ಮಾದರಿಯದ್ದನ್ನೇ ಕಟ್ಟಿಸಿಕೊಂಡಿದ್ದ. ವಾಪಸ್ ಕಳಿಸಿ, ಅಂಚೆ ಖರ್ಚು ನಿಮ್ಮದು, ಪ್ರತಿ ತಲುಪಿ ಪರಿಶೀಲಿಸಿದ ಮೇಲೆ ಹಣದ ಮಾತು ಎಂದ. ಕಸ್ಟಮ್ಸ್ ಸುಂಕ ಕಟ್ಟಿ ಬಿಡಿಸಿಕೊಂಡ ಪೊಟ್ಟಣವಿದು, ಆ ಸುಂಕವನ್ನು ಅವನೇನೂ ತುಂಬಿಕೊಡುವುದಿಲ್ಲ. ವಾಪಸ್ ಕಳಿಸುವ ಕೊರಿಯರ್ ಖರ್ಚು, ದಾರಿಯಲ್ಲಿ ಒಡೆದರೆ ಆಗುವ ನಷ್ಟ ಎಲ್ಲ ಕೂಡಿಸಿ ನೋಡಿದರೆ ಕಳಿಸುವುದಕ್ಕಿಂತ ಇಟ್ಟುಕೊಳ್ಳುವುದೇ ವಾಸಿ ಅನ್ನಿಸುವಂತಿದೆ. ಇಂಡಿಯಾದ ಗಿರಾಕಿ ಎಂದರೆ ಇವರಿಗೆ ಯಾಕೆ ಇಷ್ಟ ಎಂಬುದು ನನಗೆ ಅರ್ಥವಾದದ್ದು ಆಗಲೇ. ಹಣ ಕಳಿಸಿದ ಸೇವೆಯಲ್ಲಿ ದೂರು ಹಾಕಿದ ಮೇಲೆ ಒಂದು ಪಾಲು ಮಾತ್ರ ಹಿಂದಕ್ಕೆ ಬಂತು.

ಹಾಗಾಗಿ ಹೇಳುತ್ತೇನೆ. ದುಡ್ಡು ಕೊಡುವ ಮುಂಚೆ ನಾಲ್ಕೂ ಸೈಡಿನ ಲೇಬಲ್ಲಿನ ಹತ್ತಿರದ ಫೋಟೋ, ಲೇಬಲ್ಲಿನ ಸುತ್ತ ಹಾಡು ಮುಗಿದ ಮೇಲಿನ ನುಣುಪು ಜಾಗದಲ್ಲಿ ಕೊರೆದಿರುವ ಮ್ಯಾಟ್ರಿಕ್ಸ್ ನಂಬರುಗಳ ಫೋಟೋ, ಗೇಟ್‌ಫೋಲ್ಡಿನ ಒಳಮೈ ಪೂರ್ತಿ, ಇಷ್ಟನ್ನೂ ಕೇಳಿ. ನಿಮ್ಮ ಹೆಸರನ್ನೂ ಆ ದಿನದ ತಾರೀಖನ್ನೂ ಚೀಟಿಯಲ್ಲಿ ಬರೆಸಿ, ಅದನ್ನು ಡಿಸ್ಕಿನ ಪಕ್ಕ ಇಟ್ಟೇ ಫೋಟೋ ತೆಗೆಯಲು ಹೇಳಿ. ಪ್ರಾಮಾಣಿಕ ಮಾರಾಟಗಾರನಿಗೆ ಇದು ಐದು ನಿಮಿಷದ ಕೆಲಸ. ಪ್ಯಾಕ್ ಮಾಡಿಬಿಟ್ಟಿದ್ದೇನೆ, ಮೊಬೈಲ್ ಕೆಟ್ಟಿದೆ ಎಂದು ರಾಗ ಎಳೆದರೆ ಬಿಟ್ಟುಬಿಡಿ. ಪೊಟ್ಟಣ ಬಿಡಿಸುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ನನಗೆ ವಾಪಸ್ ಬಂದಷ್ಟು ಹಣ ಬಂದದ್ದು ಅದರಿಂದಲೇ.

ಇನ್ನೊಂದು ಗುಂಡಿಯೂ ಇದೆ. ಬ್ರಿಟನ್‌ನಲ್ಲಿ 1967ರಲ್ಲಿ ಬಂದ ‘ಫ್ರೀಕ್ ಔಟ್!’ ಕತ್ತರಿ ಹಾಕಿಸಿಕೊಂಡು ಒಂದೇ ಡಿಸ್ಕಿಗೆ ಇಳಿದದ್ದು. ಅದೂ ಹಳೆಯದೇ, ಅದೂ ವರ್ವ್ ಲೇಬಲ್ಲೇ, ಅರವತ್ತರ ದಶಕದ್ದೇ. ‘ಅಸಲಿ ವರ್ವ್ ಪ್ರತಿ’ ಎಂದು ಬರೆದು, ಡಿಸ್ಕ್ ಎಷ್ಟು ಎಂದು ಹೇಳದೆ ಮಾರುವವರಿದ್ದಾರೆ. ಬ್ರಿಟಿಷ್ ಪ್ರತಿಗಳನ್ನು ಪ್ರೀತಿಯಿಂದ ಸಂಗ್ರಹಿಸುವವರಿಗೆ ಅದು ಚಂದದ ವಸ್ತುವೇ ಇರಬಹುದು. ಪೂರ್ತಿ ಆಲ್ಬಮ್ ಕೇಳಬೇಕೆಂದು ಕೊಳ್ಳುವವರಿಗೆ ಮಾತ್ರ ಮೋಸ.

ಎಲ್‌ಪಿಯ ಸಹವಾಸ ಬೇಡ, ಸಿಡಿ ಸಾಕು ಅನ್ನುವವರೂ ಸ್ವಲ್ಪ ತಾಳಿ. ಎಂಜಿಎಂ ಜೊತೆ ವರ್ಷಗಟ್ಟಲೆ ಜಗಳವಾಡಿ ಹಳೆಯ ಟೇಪುಗಳನ್ನು ಮರಳಿ ಪಡೆದ ಝಪ್ಪಾ, 1985ರಲ್ಲಿ ‘ದಿ ಓಲ್ಡ್ ಮಾಸ್ಟರ್ಸ್’ ಎಂಬ ಎಲ್‌ಪಿ ಪೆಟ್ಟಿಗೆಯಲ್ಲಿ ಇದನ್ನೂ ಸೇರಿಸಿದ. ಸಿಡಿ ಬಂದದ್ದು 1987ರಲ್ಲಿ, ರೈಕೋಡಿಸ್ಕ್ ಕಂಪನಿಯ ಮೂಲಕ, ಹೊಸ ಡಿಜಿಟಲ್ ಮಾಸ್ಟರಿನೊಂದಿಗೆ (ಪ್ರತಿಗಳನ್ನು ತೆಗೆಯುವ ಮೂಲ ಧ್ವನಿಮುದ್ರಣ). ನನ್ನ ಕಿವಿಗೆ ಅದರಲ್ಲಿ ಪ್ರತಿಧ್ವನಿ ಅತಿಯಾಯಿತು, ಎಲ್‌ಪಿಯ ಒಣ ಪೆಟ್ಟು ಕಳೆದುಹೋಗಿದೆ. ‘ಹೆಲ್ಪ್, ಐಯಾಮ್ ಎ ರಾಕ್’ ಎಲ್‌ಪಿಯಲ್ಲಿ ಮೂರು ಭಾಗದ ಒಂದೇ ರಚನೆ. ಸಿಡಿಯಲ್ಲಿ ಅದರ ಕೊನೆಯ ಭಾಗ ‘ಇಟ್ ಕಾಂಟ್ ಹ್ಯಾಪನ್ ಹಿಯರ್’ ಬೇರೆ ಟ್ರ್ಯಾಕ್ ಆಗಿ ನಿಂತಿತು, ಹಾಗಾಗಿ ಎಲ್‌ಪಿಯ 14 ಟ್ರ್ಯಾಕ್ ಇಲ್ಲಿ 15. ಇದಿಷ್ಟೇ ಆದರೆ ಸಹಿಸಬಹುದು. ಇದೇ ತಂಡದ ‘ವೀ ಆರ್ ಓನ್ಲಿ ಇನ್ ಇಟ್ ಫಾರ್ ದ ಮನಿ’ ಆಲ್ಬಮ್ಮಿನ ಹಳೆಯ ಬೇಸ್, ಡ್ರಮ್ಸನ್ನು ಕಿತ್ತು ಹೊಸಬರಿಂದ ನುಡಿಸಿ ಅಂಟಿಸಿಬಿಟ್ಟಿದ್ದ ಝಪ್ಪಾ. ಆ ಹೊಡೆತ ‘ಫ್ರೀಕ್ ಔಟ್!’ಗೆ ಬೀಳಲಿಲ್ಲ, ನಮ್ಮ ಪುಣ್ಯ.

1966ರ ಸ್ಟೀರಿಯೋ ಮಿಕ್ಸ್ ಸಿಡಿಯಲ್ಲಿ ಸಿಕ್ಕಿದ್ದು ಝಪ್ಪಾ ತೀರಿಕೊಂಡು ಹದಿಮೂರು ವರ್ಷವಾದ ಮೇಲೆ, 2006ರ ‘ದಿ ಮೊಫೋ ಪ್ರಾಜೆಕ್ಟ್/ಆಬ್ಜೆಕ್ಟ್’ ಎಂಬ ಸಿಡಿ ಸೆಟ್ಟಿನಲ್ಲಿ. ನಾಲ್ಕು ಸಿಡಿಯದೊಂದು, ಎರಡು ಸಿಡಿಯದೊಂದು, ಹೀಗೆ ಎರಡು ರೂಪದಲ್ಲಿ ಬಂತು. ಹಾಡು ಕೇಳುವುದೇ ಮುಖ್ಯ ಅನ್ನುವವರು ಎರಡು ಸಿಡಿಯದನ್ನು ಹುಡುಕಿ. ‘ಮೊಫೋ’ ಹೆಸರಿಲ್ಲದ ಬಿಡಿ ಸಿಡಿ ಕೊಂಡರೆ ಕೈಗೆ ಬರುವುದು ಹೆಚ್ಚಾಗಿ 1987ರ ಮಾಸ್ಟರೇ. ಕವರ್ ಚಿತ್ರ ಅದೇ ಆಗಿರುತ್ತದೆ, ನೋಡಿ ಗುರುತಿಸಲಾಗದು.

ನನ್ನ ಹತ್ತಿರ ಈಗ ಇರುವುದು ಮೋನೋ ಮೊದಲ ಡಿಸ್ಕ್, ಸ್ಟೀರಿಯೋ ಎರಡನೇ ಡಿಸ್ಕ್. ಸ್ಟೀರಿಯೋದ ಒಂಟಿ ಮೊದಲ ಡಿಸ್ಕ್ ಯಾರ ಬಳಿಯಾದರೂ ಇದ್ದರೆ ತಿಳಿಸಿ. ಲೇಬಲ್ ಫೋಟೋ ಮೊದಲು ಕಳಿಸಬೇಕು, ಚೀಟಿ ಸಮೇತ.