ಮರೆತ ಪಾಸ್‌ವರ್ಡಿಗೆ ಮೂರು ಸಾಧನಗಳು, ಒಂದೇ ಪಟ್ಟಿ

2018ರಲ್ಲಿ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯ 18.04 ಆವೃತ್ತಿ ಬಳಸುತ್ತಿದ್ದಾಗ 1 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕೊಂದನ್ನು ಲಿನಕ್ಸಿನಲ್ಲಿ ಡಿಸ್ಕಿಗೆ ಪಾಸ್‌ವರ್ಡಿನ ಬೀಗ ಹಾಕುವ ಲಕ್ಸ್ ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡಿ, ಮನೆಯವರೆಲ್ಲರ ಹಳೆಯ ಫೋಟೋಗಳನ್ನು ಅದರಲ್ಲಿ ತುಂಬಿಸಿಟ್ಟಿದ್ದೆ. ಈಚೆಗೆ ಅದನ್ನು ಹೊರತೆಗೆದಾಗ ಪಾಸ್‌ವರ್ಡ್ ಮರೆತುಹೋಗಿತ್ತು. ಅದನ್ನು ಕೊನೆಗೆ ತೆರೆದದ್ದು ಬ್ರೂಟ್‌ಫೋರ್ಸ್-ಲಕ್ಸ್ ಎಂಬ ಪುಟ್ಟ ತಂತ್ರಾಂಶ. ಆದ್ದರಿಂದ ಈ ಹೋಲಿಕೆಯಲ್ಲಿ ನನ್ನ ಒಲವು ಅದರ ಕಡೆಗೇ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಯಾವ ಸಾಧನ ಹಿಡಿದರೂ ಮೊದಲು ಬೇಕಾಗುವುದು ಊಹೆಗಳ ಪಟ್ಟಿ. ನನ್ನ ಪಾಸ್‌ವರ್ಡ್ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಒಂದು ಕನ್ನಡ ಪದ, ಒಂದು ಇಸವಿ ಮತ್ತು ಒಂದು ಚಿಹ್ನೆ ಎಂಬಷ್ಟು ನೆನಪಿತ್ತು. ಪದವೂ ನೆನಪಿತ್ತು, ಕಾಗುಣಿತ ಮಾತ್ರ ಇರಲಿಲ್ಲ. ಅಂಥದೇ ಇನ್ನೊಂದು ಪದವನ್ನು ಉದಾಹರಣೆಗೆ ಹೇಳುವುದಾದರೆ, 'ಬೆಳದಿಂಗಳು' ಎಂಬಲ್ಲಿ 'ದ'ಕಾರಕ್ಕೆ ಬರೀ ಡಿ ಹಾಕಿದೆನೋ, ಡಿ-ಎಚ್ ಹಾಕಿದೆನೋ. ಎರಡು 'ಳ'ಕಾರಗಳಲ್ಲಿ ಯಾವುದಕ್ಕೆ ದೊಡ್ಡ ಎಲ್, ಯಾವುದಕ್ಕೆ ಚಿಕ್ಕದು. ಮೊದಲ ಅಕ್ಷರ ದೊಡ್ಡದೋ ಚಿಕ್ಕದೋ. ಕೊನೆಯ ಉಕಾರ ಇತ್ತೋ ಇಲ್ಲವೋ ಎಂದು ಎಣಿಸುತ್ತ ಹೋದರೆ ಒಂದೇ ಪದಕ್ಕೆ 32 ರೂಪಗಳಾಗುತ್ತವೆ. ಅದನ್ನು 24 ಇಸವಿಗಳಿಂದಲೂ 12 ಚಿಹ್ನೆಗಳಿಂದಲೂ ಗುಣಿಸಿದಾಗ 9,216 ಊಹೆಗಳಾದವು. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಪಟ್ಟಿಗಳಲ್ಲಿ ನಮ್ಮ ಮನೆಮಾತಿನ ಈ ಗೊಂದಲಕ್ಕೆ ಜಾಗವಿಲ್ಲ.

ಮೊದಲು ಪ್ರಯತ್ನಿಸಿದ್ದು ಲಕ್ಸ್ ಡಿಸ್ಕುಗಳನ್ನು ತೆರೆಯುವ ಕ್ರಿಪ್ಟ್‌ಸೆಟಪ್ ಆಜ್ಞೆಯನ್ನೇ ಶೆಲ್ ಸ್ಕ್ರಿಪ್ಟಿನೊಳಗೆ (ಆಜ್ಞೆಗಳನ್ನು ಸಾಲಾಗಿ ಓಡಿಸುವ ಕಡತ) ಇಟ್ಟು, ಪಟ್ಟಿಯ ಒಂದೊಂದು ಸಾಲನ್ನೂ ಅದಕ್ಕೆ ಉಣಿಸುವ ವಿಧಾನ. ಹೊಸದೇನನ್ನೂ ಸ್ಥಾಪಿಸಬೇಕಿಲ್ಲ, ಟೆಸ್ಟ್-ಪಾಸ್‌ಫ್ರೇಸ್ ಎಂಬ ಆಯ್ಕೆ ಕೊಟ್ಟರೆ ಡಿಸ್ಕ್ ತೆರೆದುಕೊಳ್ಳದೆ ಪರೀಕ್ಷೆಯಷ್ಟೇ ನಡೆಯುತ್ತದೆ. ಲಕ್ಸ್ ಪ್ರತಿ ಪ್ರಯತ್ನವನ್ನೂ ಬೇಕೆಂದೇ ನಿಧಾನಗೊಳಿಸುವುದರಿಂದ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಊಹೆಗೆ ಸುಮಾರು 2 ಸೆಕೆಂಡು ಹಿಡಿಯಿತು. ಹೀಗೆ ಐದು ಗಂಟೆಗೂ ಮೇಲೆ ಓಡಿದ ಸ್ಕ್ರಿಪ್ಟು ಒಂದೂ ಹೊಂದಲಿಲ್ಲವೆಂದು ಹೇಳಿ ನಿಂತಿತು.

ನಾನು ಪಟ್ಟಿಯನ್ನೇ ಅನುಮಾನಿಸಿದೆ. ಎರಡು ಸಂಜೆ ಕೂತು ಇನ್ನಷ್ಟು ಪದಗಳನ್ನು ನೆನಪಿಸಿಕೊಂಡೆ, ಮನೆಯವರನ್ನೂ ಕೇಳಿ ಪೀಡಿಸಿದೆ. ತಪ್ಪು ಇದ್ದದ್ದು ಬೇರೆಲ್ಲೋ. ಸ್ಕ್ರಿಪ್ಟಿನಲ್ಲಿ ಎಕೋ ಆಜ್ಞೆಯಿಂದ ಪದವನ್ನು ಕಳಿಸಿ, ಪಾಸ್‌ವರ್ಡನ್ನು ಎಲ್ಲಿಂದ ಓದಬೇಕೆಂದು ಹೇಳುವ ಕೀ-ಫೈಲ್ ಆಯ್ಕೆಗೆ ಒಂದು ಅಡ್ಡಗೆರೆ ಕೊಟ್ಟಿದ್ದೆ. ಎಕೋ ಪ್ರತಿ ಪದದ ಕೊನೆಗೆ ಕಣ್ಣಿಗೆ ಕಾಣದ ಹೊಸಸಾಲಿನ ಚಿಹ್ನೆಯೊಂದನ್ನು ಅಂಟಿಸುತ್ತದೆ. ಕೀ-ಫೈಲ್ ಆಯ್ಕೆ ಇದ್ದಾಗ ಕ್ರಿಪ್ಟ್‌ಸೆಟಪ್ ಆ ಚಿಹ್ನೆಯನ್ನೂ ಪಾಸ್‌ವರ್ಡಿನ ಭಾಗವೆಂದೇ ಎಣಿಸುತ್ತದೆ. ಅಂದರೆ ಸರಿಯಾದ ಪಾಸ್‌ವರ್ಡ್ ಆ ಐದು ಗಂಟೆಗಳಲ್ಲಿ ಒಮ್ಮೆ ಬಾಗಿಲಿಗೆ ಬಂದು, ಬಾಲವೊಂದು ಹೆಚ್ಚಾಗಿದ್ದ ಕಾರಣಕ್ಕೆ ತಿರುಗಿಹೋಗಿತ್ತು. 20 ಎಂಬಿಯ ಒಂದು ಖಾಲಿ ಕಡತವನ್ನು ಗೊತ್ತಿರುವ ಪಾಸ್‌ವರ್ಡಿನಿಂದ ಎನ್‌ಕ್ರಿಪ್ಟ್ ಮಾಡಿ ಸ್ಕ್ರಿಪ್ಟನ್ನು ಅದರ ಮೇಲೆ ಓಡಿಸಿದಾಗಲೇ ಇದು ಬಯಲಾದದ್ದು. ಐದು ನಿಮಿಷದ ಆ ಕೆಲಸವನ್ನು ಮೊದಲ ದಿನವೇ ಮಾಡಬೇಕಿತ್ತು. ಎಕೋ ಬದಲು ಪ್ರಿಂಟ್ಎಫ್ ಬಳಸಿದರೆ ಈ ಕಾಟವಿಲ್ಲ, ಆದರೆ ಅಷ್ಟರಲ್ಲಿ ನನಗೆ ಸ್ವಂತ ಸ್ಕ್ರಿಪ್ಟಿನ ಮೇಲಿನ ನಂಬಿಕೆಯೇ ಹೋಗಿತ್ತು.

ಹ್ಯಾಶ್‌ಕ್ಯಾಟ್ ಪಾಸ್‌ವರ್ಡ್ ಊಹಿಸುವ ಹೆಸರುವಾಸಿ ಸಾಧನ, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದವರ ಬಳಿ ಬಲು ವೇಗವಾಗಿಯೂ ಓಡುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅಂಥ ಕಾರ್ಡಿಲ್ಲ. ಇದ್ದುದರಲ್ಲೇ ಅದಕ್ಕೆ ಬೇಕಾದ ಓಪನ್‌ಸಿಎಲ್ ಡ್ರೈವರನ್ನು ಕೂರಿಸಲು ಒಂದು ಭಾನುವಾರ ಕಳೆದು ಕೈಬಿಟ್ಟೆ. ಲಕ್ಷಗಟ್ಟಲೆ ಊಹೆಗಳಿದ್ದಿದ್ದರೆ ಬಿಡುತ್ತಿರಲಿಲ್ಲ. ಲಕ್ಸ್ ಎರಡನೆಯ ಆವೃತ್ತಿಯ ಡಿಸ್ಕಾದರೆ ಮಾತು ಬೇರೆ: ಅದರಲ್ಲಿ ಸಾಮಾನ್ಯವಾಗಿರುವ ಆರ್ಗಾನ್2ಐಡಿ ಎಂಬ, ಪಾಸ್‌ವರ್ಡಿನಿಂದ ಕೀಲಿ ತಯಾರಿಸುವ ಲೆಕ್ಕಾಚಾರ ಪ್ರತಿ ಪ್ರಯತ್ನಕ್ಕೂ 1 ಜಿಬಿವರೆಗೆ ಮೆಮೊರಿ ಬೇಡುವುದರಿಂದ ಕಾರ್ಡಿನ ಅನುಕೂಲವೂ ಬಹಳಷ್ಟು ಕರಗುತ್ತದೆ.

ದತ್ತಾಂಶ ಮರಳಿಸಿಕೊಡುವ ಅಂಗಡಿಯೊಂದರಲ್ಲೂ ವಿಚಾರಿಸಿದ್ದೆ. ಅವರು 18,000 ರೂಪಾಯಿ ಹೇಳಿ, ಖಾತರಿ ಕೊಡಲಾಗದು ಎಂದರು, ನಂತರ ನನ್ನ ಊಹೆಗಳ ಪಟ್ಟಿಯನ್ನೇ ಕೇಳಿದರು.

ಬ್ರೂಟ್‌ಫೋರ್ಸ್-ಲಕ್ಸ್ ಉಬುಂಟುವಿನ ತಂತ್ರಾಂಶ ಭಂಡಾರದಲ್ಲೇ ಸಿಗುತ್ತದೆ. ಪಟ್ಟಿಯ ಕಡತ ಯಾವುದು, ಎಷ್ಟು ಎಳೆಗಳಲ್ಲಿ (ಅಂದರೆ ಏಕಕಾಲಕ್ಕೆ ಎಷ್ಟು ಊಹೆಗಳನ್ನು ಪರೀಕ್ಷಿಸುತ್ತ) ಓಡಬೇಕು ಎಂದು ಹೇಳಿದರೆ ಸಾಕು, ಸಾಲಿನ ಕೊನೆಯ ಚಿಹ್ನೆಯ ಗೊಡವೆ ಅದರದೇ. ನಾಲ್ಕು ಎಳೆಗಳಲ್ಲಿ ಅದೇ 9,216 ಊಹೆಗಳ ಹಳೆಯ ಪಟ್ಟಿಯನ್ನು ಕೊಟ್ಟು ಊಟಕ್ಕೆ ಎದ್ದೆ. ಐವತ್ತು ನಿಮಿಷ ಕಳೆಯುವಷ್ಟರಲ್ಲಿ ಪಾಸ್‌ವರ್ಡ್ ಪರದೆಯ ಮೇಲಿತ್ತು. ಮೊದಲನೆಯ 'ಳ'ಕಾರಕ್ಕೆ ದೊಡ್ಡ ಎಲ್, ಎರಡನೆಯದಕ್ಕೆ ಚಿಕ್ಕದು.

ಕಾರ್ಡ್ ಕೊಳ್ಳುವ ಬಜೆಟ್ ಇಲ್ಲದ, ಪಾಸ್‌ವರ್ಡಿನ ಮುಕ್ಕಾಲು ಪಾಲು ನೆನಪಿರುವ ನನ್ನಂಥವರಿಗೆ ಇದೇ ಸಾಕು. ಲಕ್ಸ್ ಮೊದಲ ಆವೃತ್ತಿಯಲ್ಲಿ ಎಂಟು ಕೀಲಿಗಳಿಗೆ ಜಾಗವಿರುವುದರಿಂದ ಅಂದೇ ಎರಡನೆಯ ಕೀಲಿಯೊಂದನ್ನು ಸೇರಿಸಿದೆ. ಅದು ಈಗ ಗೋದ್ರೆಜ್ ಬೀರುವಿನಲ್ಲಿ, ಕಾಗದದ ಮೇಲೆ, ದೊಡ್ಡ ಎಲ್‌ಗಳಿಗೆ ಅಡಿಗೆರೆ ಎಳೆದು ಬರೆದಿಟ್ಟಿದೆ.