ಫಾಯಿಲ್ ಬೋರ್ಡಿಗೆ ನಾವೇ ಕಟ್ಟಿದ ಮೋಟಾರ್ ಸೆಟ್: ನಮ್ಮ ಕೆರೆ, ಹಿನ್ನೀರಿಗೆ ಯಾವ ಪಾರ್ಟ್ ತಗೋಬೇಕು, ಯಾವುದು ದಂಡ

ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮೈಸೂರು, ಮಂಡ್ಯ ಕಡೆ ಓಡಿಸೋದಾದರೆ ಮೋಟಾರಿಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಅರ್ಧ ಉಳಿಸಿ. ಅದನ್ನು ದೊಡ್ಡ ರೆಕ್ಕೆಗೂ ಒಳ್ಳೆ ಬ್ಯಾಟರಿಗೂ ಹಾಕಿ. ನಾನೂ ನನ್ನ ಭಾವಮೈದನೂ ಸೇರಿ ಬಿಡಿ ಪಾರ್ಟ್ ತರಿಸಿ ಕಟ್ಟಿದ ಸೆಟ್ಟಿದು. ಒಟ್ಟಾರೆ ಖುಷಿಯಾಗಿದ್ದೇವೆ, ಆದರೆ ಎಲ್ಲ ಪಾರ್ಟಿಗೂ ಒಂದೇ ಮಾರ್ಕ್ಸ್ ಕೊಡೋಕಾಗಲ್ಲ.

ಇದೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಬೋರ್ಡಿನ ಕೆಳಗೆ ಮುಕ್ಕಾಲು ಮೀಟರ್ ಉದ್ದದ ಒಂದು ಮಾಸ್ಟ್, ಅದರ ತುದಿಯಲ್ಲಿ ನೀರೊಳಗೆ ಪುಟ್ಟ ವಿಮಾನದ ಹಾಗೆ ಹಿಂದೊಂದು ಮುಂದೊಂದು ರೆಕ್ಕೆ. ಸ್ಪೀಡ್ ಬಂದಾಗ ರೆಕ್ಕೆ ಎತ್ತುತ್ತದೆ, ಬೋರ್ಡ್ ನೀರು ಬಿಟ್ಟು ಮೇಲೇಳುತ್ತದೆ, ಸದ್ದೇ ಇಲ್ಲದೆ ಹೋಗುತ್ತಿರುತ್ತೀರಿ. ಲಿಫ್ಟ್, ಫ್ಲೈಟ್‌ಬೋರ್ಡ್ ಥರದ ರೆಡಿಮೇಡ್ ಇ-ಫಾಯಿಲ್ ತಗೋಬೇಕಂದರೆ 10 ಸಾವಿರ ಡಾಲರ್ ಆಸುಪಾಸು, ಮೇಲೆ ಕಸ್ಟಮ್ಸ್ ಬೇರೆ. ಇರುವ ಫಾಯಿಲ್ ಬೋರ್ಡಿನ ಮಾಸ್ಟಿಗೇ ಒಂದು ಸಣ್ಣ ಮೋಟಾರ್ ಕ್ಲ್ಯಾಂಪ್ ಮಾಡಿಕೊಂಡರೆ ಅದು ಅಸಿಸ್ಟ್. ಆಸ್ಟ್ರೇಲಿಯಾದ ಫಾಯಿಲ್ ಡ್ರೈವ್ ಕಂಪನಿ ಇದನ್ನು ಕಿಟ್ ಆಗಿ ಮಾರುತ್ತದೆ. ನಮ್ಮದು ಅದೇ ಐಡಿಯಾ, ನಮ್ಮ ಬಜೆಟ್ಟಿಗೆ. ಬೋರ್ಡು, ಫಾಯಿಲ್ ಬಿಟ್ಟು ಉಳಿದದ್ದೆಲ್ಲ ಸೇರಿ ಒಂದು ಲಕ್ಷದೊಳಗೆ ಮುಗಿಯಿತು.

ಈಗ ಮುಖ್ಯ ವಿಷಯ. ಹೊರದೇಶದವರ ಬಿಲ್ಡ್ ನೋಡಿ ಅದನ್ನೇ ಕಾಪಿ ಹೊಡೆದರೆ ಇಲ್ಲಿ ಕೆಲಸಕ್ಕೆ ಬರಲ್ಲ. ಅವರು ಸಮುದ್ರದಲ್ಲಿ ಅಲೆ ಹಿಡಿಯುವವರೆಗೆ ಮಾತ್ರ ಕೈಯಲ್ಲಿರುವ ರಿಮೋಟಿನ ಟ್ರಿಗರ್ ಒತ್ತುತ್ತಾರೆ, ಆಮೇಲೆ ಅಲೆಯೇ ತಳ್ಳುತ್ತದೆ, ಮೋಟಾರ್ ಆಫ್. ಅದಕ್ಕೆ ಅವರ ಬ್ಯಾಟರಿ ಚಿಕ್ಕದು, ಮೋಟಾರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಕಂಟ್ರೋಲರ್ ಬಿಸಿಯಾಗೋಕೆ ಟೈಮೇ ಸಿಗಲ್ಲ. ಮುಲ್ಕಿ, ಸಸಿಹಿತ್ಲು ಕಡೆಯವರಾದರೆ ಸರಿ. ವರುಣಾ ಕೆರೆಯಲ್ಲಿ ಅಲೆ ಎಲ್ಲಿಂದ ತರೋದು? ಕೆಆರ್‌ಎಸ್ ಹಿನ್ನೀರಲ್ಲಿ ಮಳೆಗಾಲದ ಗಾಳಿಗೆ ನೀರು ಒಂದಿಷ್ಟು ಕುಣಿಯುತ್ತದೆ, ಅದರ ಮೇಲೆ ಸವಾರಿ ಮಾಡೋಕಾಗಲ್ಲ. ಇಲ್ಲಿ ಏಳೋದಕ್ಕೂ ಮೋಟಾರ್ ಬೇಕು, ಎದ್ದ ಮೇಲೆ ಹೋಗೋದಕ್ಕೂ ಅದೇ ಬೇಕು. ಕೆಳಗೆ ಹೇಳುವುದೆಲ್ಲ ಈ ಒಂದು ವ್ಯತ್ಯಾಸದಿಂದಲೇ ಬಂದದ್ದು.

ರೆಕ್ಕೆಯಿಂದ ಶುರು ಮಾಡೋಣ. ನಾನು, ಬೋರ್ಡು, ಬ್ಯಾಟರಿ ಎಲ್ಲ ಸೇರಿ 90 ಕೆಜಿ ಅಂದುಕೊಳ್ಳಿ. ರೆಕ್ಕೆ ಕೊಡುವ ಲಿಫ್ಟ್ ಅದರ ವಿಸ್ತೀರ್ಣಕ್ಕೂ ಸ್ಪೀಡಿನ ವರ್ಗಕ್ಕೂ ತಕ್ಕ ಹಾಗೆ ಇರುತ್ತದೆ. 1200 ಚದರ ಸೆಂಟಿಮೀಟರ್ ರೆಕ್ಕೆಯಲ್ಲಿ ಇಷ್ಟು ಭಾರ ಎತ್ತಬೇಕಾದರೆ ಲೆಕ್ಕದ ಪ್ರಕಾರ ಗಂಟೆಗೆ 16-17 ಕಿಲೋಮೀಟರ್ ಬೇಕು. 1800ರ ರೆಕ್ಕೆಯಾದರೆ 13-14 ಸಾಕು. ಮೂರು ಕಿಲೋಮೀಟರ್ ಏನು ಮಹಾ ಅನ್ನಿಸುತ್ತದೆ, ಅಲ್ವಾ? ಆದರೆ ಹೊಟ್ಟೆ ಪೂರ್ತಿ ನೀರಿಗೆ ಉಜ್ಜಿಕೊಂಡು ಹೋಗುತ್ತಿರುವ ಬೋರ್ಡಿಗೆ ಪ್ರಾಣ ಹಿಂಡುವುದೇ ಆ ಮೂರು ಕಿಲೋಮೀಟರ್. ಪವರ್ ಸುಮಾರಾಗಿ ಸ್ಪೀಡಿನ ಘನಕ್ಕೆ ತಕ್ಕಂತೆ ಏರುವುದರಿಂದ ಹತ್ತಿರ ಹತ್ತಿರ 80 ಪರ್ಸೆಂಟ್ ಜಾಸ್ತಿ ಬೇಕಾಗುತ್ತದೆ. ಅಷ್ಟು ಪವರ್ ಕೊಡುವ ದೊಡ್ಡ ಮೋಟಾರ್, ಅದಕ್ಕೆ ತಕ್ಕ ಕಂಟ್ರೋಲರ್, ಅದಕ್ಕೆ ತಕ್ಕ ವೈರ್ ಅಂತ ಹೋದರೆ ರೆಕ್ಕೆ ಬದಲಿಸುವ ಖರ್ಚಿಗಿಂತ ಜಾಸ್ತಿಯೇ ಆಗುತ್ತದೆ. ದೊಡ್ಡ ರೆಕ್ಕೆಯಲ್ಲಿ ಟಾಪ್ ಸ್ಪೀಡ್ ಕಡಿಮೆ, ತಿರುವೂ ನಿಧಾನ. ಇರಲಿ ಬಿಡಿ, ಕೆರೆಯಲ್ಲಿ ರೇಸಿಗೇನೂ ಹೋಗಲ್ಲವಲ್ಲ. ರೆಕ್ಕೆಗೆ ಹತ್ತಕ್ಕೆ ಒಂಬತ್ತು.

ಮೋಟಾರ್ ನಾವು ತಗೊಂಡದ್ದು 6384 ಸೈಜಿನದು, ಅಂದರೆ 63 ಮಿಲಿಮೀಟರ್ ವ್ಯಾಸ, 84 ಉದ್ದ. ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡಿಗೆ ಹಾಕುವ ಬ್ರಶ್‌ಲೆಸ್ ಔಟ್‌ರನ್ನರ್, ಅಂದರೆ ಹೊರಗಿನ ಕವಚವೇ ತಿರುಗುವ ಥರದ್ದು. ಸೀಲ್ ಮಾಡಿದ ಮೋಟಾರೇ ಬೇಕು ಅಂತ ಎಲ್ಲರೂ ಹೆದರಿಸುತ್ತಾರೆ. ಬೇಡ. ನೀರು ಒಳಗೆ ಹೋಗಿ ಬಂದರೆ ಒಳ್ಳೆಯದೇ, ಕಾಯಿಲ್ ತಣ್ಣಗಿರುತ್ತದೆ. ಕಾಯಿಲಿನ ಮೇಲಿನ ಇನ್ಸುಲೇಶನ್ ಗಟ್ಟಿ ಇರಬೇಕು, ಬೇರಿಂಗ್ ತುಕ್ಕು ಹಿಡಿಯದಂಥದ್ದಾಗಿರಬೇಕು, ಅಷ್ಟೇ. ಸಮುದ್ರದವರಿಗೆ ಉಪ್ಪಿನ ಕಾಟ, ಪ್ರತಿ ಸಲ ಸಿಹಿನೀರಲ್ಲಿ ತೊಳೆಯಬೇಕು. ನಮಗೆ ಕಾವೇರಿ ನೀರು, ಆ ತಲೆನೋವಿಲ್ಲ.

ಇಲ್ಲಿ ಮಂಡ್ಯದ ಒಂದು ಮೋಟಾರ್ ವೈಂಡಿಂಗ್ ಅಂಗಡಿಗೆ ದೊಡ್ಡ ನಮಸ್ಕಾರ. ಬೋರ್‌ವೆಲ್ ಸಬ್‌ಮರ್ಸಿಬಲ್ ರಿಪೇರಿ ಮಾಡಿ ಮಾಡಿ ಕೈ ಪಳಗಿದ ಮನುಷ್ಯ. ನಮ್ಮ ಅಂಗೈಯಗಲದ ಮೋಟಾರ್ ನೋಡಿ "ಏನ್ ಸಾರ್, ಇದ್ರಲ್ಲಿ ಎಷ್ಟು ಇಂಚು ನೀರು ಬತ್ತದೆ?" ಅಂತ ನಕ್ಕ. ಆದರೆ ಕೆಲಸ ಮಾತ್ರ ಅಚ್ಚುಕಟ್ಟು. ಬಿಚ್ಚಿದ, ಒಣಗಿಸಿದ, ಕಾಯಿಲಿಗೆ ವಾರ್ನಿಶ್ ಕುಡಿಸಿದ, ಮತ್ತೆ ಒಣಗಿಸಿದ, ಅದರ ಮೇಲೆ ನಾವು ಕೊಟ್ಟ ಎಪಾಕ್ಸಿ ಹಚ್ಚಿದ. ಬೇರಿಂಗ್ ತೆಗೆದು ಸ್ಟೇನ್‌ಲೆಸ್ ಹಾಕಿದ. ಕೊನೆಗೆ ಮೋಟಾರನ್ನು ಬಕೆಟ್ ನೀರಲ್ಲಿ ಮುಳುಗಿಸಿ, ಮೆಗ್ಗರ್ ಹಚ್ಚಿ, ಕಾಯಿಲಿಗೂ ಬಾಡಿಗೂ ನಡುವೆ ಕರೆಂಟ್ ಸೋರುತ್ತಾ ಅಂತ ನಮ್ಮ ಎದುರಿಗೇ ತೋರಿಸಿದ. ಮುಳ್ಳು ಅಲ್ಲಾಡಲಿಲ್ಲ. ಆನ್‌ಲೈನಲ್ಲಿ "ವಾಟರ್‌ಪ್ರೂಫ್" ಅಂತ ಹೆಸರು ಹಾಕಿ ಡಬಲ್ ರೇಟಿಗೆ ಮಾರುವ ಮೋಟಾರ್ ಯಾಕೆ ಬೇಕು ಹೇಳಿ.

ಮೋಟಾರನ್ನು ಮಾಸ್ಟಿನಲ್ಲಿ ಎಲ್ಲಿ ಕೂರಿಸಬೇಕು ಅನ್ನೋದೂ ನಮಗೆ ಬೇರೆಯೇ. ಅಲೆಯವರು ಮೇಲುಗಡೆ, ಬೋರ್ಡಿಗೆ ಹತ್ತಿರ ಹಾಕುತ್ತಾರೆ, ಯಾಕಂದರೆ ಎತ್ತರ ಎದ್ದಾಗ ಪ್ರೊಪೆಲ್ಲರ್ ನೀರಿಂದ ಹೊರಗೆ ಬಂದು ಎಳೆತ ತಪ್ಪುತ್ತದೆ. ನಾವು ಹಾಗೆ ಹಾಕಿದರೆ ಎದ್ದ ತಕ್ಷಣ ಪ್ರೊಪೆಲ್ಲರ್ ಗಾಳಿಯಲ್ಲಿ ಕಿರುಚಿ, ಬೋರ್ಡ್ ದಬ್ ಅಂತ ಕೂರುತ್ತದೆ. ಕೆಳಗೆ, ರೆಕ್ಕೆಯ ಹತ್ತಿರಕ್ಕೆ ಇಳಿಸಿ. ಮೂರು ವೈರ್ ಉದ್ದ ಆಗುತ್ತದೆ, ಅದನ್ನು ಮಾಸ್ಟಿನ ಹಿಂಬದಿಗೆ ಬಿಗಿಯಾಗಿ ಟೇಪ್ ಸುತ್ತಬೇಕು.

ಕ್ಲ್ಯಾಂಪಿಗೆ ಒಂದು ಉಪಾಯ. ಮಾಸ್ಟ್ ಅಡ್ಡಕೊಯ್ತದಲ್ಲಿ ಮೀನಿನ ಆಕಾರ, ಅಳತೆ ಹಿಡಿಯೋದು ಕಷ್ಟ. ಮಾಸ್ಟಿಗೆ ತೆಳು ಪ್ಲಾಸ್ಟಿಕ್ ಕವರ್ ಸುತ್ತಿ, ಎರಡೂ ಕಡೆಯಿಂದ ಎಂ-ಸೀಲ್ ಒತ್ತಿ, ಗಟ್ಟಿಯಾದ ಮೇಲೆ ಬಿಡಿಸಿಕೊಳ್ಳಿ. ಅದರ ಅಂಚನ್ನು ಪೇಪರ್ ಮೇಲಿಟ್ಟು ಗೆರೆ ಎಳೆದು, ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದರೆ ಡ್ರಾಯಿಂಗ್ ರೆಡಿ. 3ಡಿ ಪ್ರಿಂಟ್ ಮಾಡಿಸುವಾಗ ಪಿಎಲ್‌ಎ ಪ್ಲಾಸ್ಟಿಕ್ ಬೇಡ ಅಂತ ಬಾಯಿಬಿಟ್ಟು ಹೇಳಿ, 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ, ಏಪ್ರಿಲ್ ಬಿಸಿಲಲ್ಲಿ ಕಾರೊಳಗೆ ಬಿಟ್ಟರೆ ಮುಗಿಯಿತು. ಪಿಇಟಿಜಿ ಅಥವಾ ಎಎಸ್‌ಎ ಕೇಳಿ. ಒಳಗೆ ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸಿದರೆ ಜಾರಲ್ಲ, ಮಾಸ್ಟಿಗೂ ಗೀರು ಬೀಳಲ್ಲ.

ಕಂಟ್ರೋಲರ್ ವೆಸ್ಕ್. ಸ್ವೀಡನ್ನಿನ ಬೆಂಜಮಿನ್ ವೆಡ್ಡರ್ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟ ಓಪನ್ ಸೋರ್ಸ್ ಡಿಸೈನು. ಇದನ್ನು ಬಿಟ್ಟು ಬೇರೆ ಯಾವುದನ್ನೂ ನೋಡಲೇಬೇಡಿ. ಎಷ್ಟು ಕರೆಂಟ್ ಮೋಟಾರಿಗೆ ಹೋಗಬೇಕು, ಬ್ಯಾಟರಿಯಿಂದ ಎಷ್ಟು ಎಳೀಬೇಕು, ಎಷ್ಟು ವೋಲ್ಟಿಗೆ ನಿಲ್ಲಬೇಕು, ಎಲ್ಲ ಫೋನಲ್ಲೇ ಸೆಟ್ ಮಾಡಬಹುದು, ಲಾಗ್ ಕೂಡ ಸಿಗುತ್ತದೆ. ನಮ್ಮ ಲಾಗಲ್ಲಿ ಏಳುವಾಗ 2 ಕಿಲೋವ್ಯಾಟ್, ಎದ್ದ ಮೇಲೆ 900 ವ್ಯಾಟ್ ಆಸುಪಾಸು. ತೊಂದರೆ ಅಂದರೆ ಬಿಸಿ. ಮೊದಲಿಂದ ಇರುವ ಸೆಟ್ಟಿಂಗಲ್ಲಿ 85 ಡಿಗ್ರಿಗೆ ತಾನೇ ಪವರ್ ಇಳಿಸೋಕೆ ಶುರು ಮಾಡುತ್ತದೆ, 100ಕ್ಕೆ ಪೂರ್ತಿ ಬಂದ್. ಮುಚ್ಚಿದ ಪ್ಲಾಸ್ಟಿಕ್ ಬಾಕ್ಸಲ್ಲಿ ಅರ್ಧ ಗಂಟೆ ಎಡೆಬಿಡದೆ ಓಡಿಸಿದರೆ ಅದು ಬಂದೇ ಬರುತ್ತದೆ. ಬಾಕ್ಸಿನ ತಳಕ್ಕೆ ಅಲ್ಯೂಮಿನಿಯಂ ಪ್ಲೇಟ್ ಹಾಕಿ, ಕಂಟ್ರೋಲರನ್ನು ಥರ್ಮಲ್ ಪೇಸ್ಟ್ ಹಚ್ಚಿ ಅದಕ್ಕೆ ಬಿಗಿದು, ಪ್ಲೇಟಿನ ಹೊರಮೈಗೆ ನೀರು ತಾಗುವ ಹಾಗೆ ಕೂರಿಸಿದ ಮೇಲೆ ಟೆಂಪರೇಚರ್ ಹಿಡಿತಕ್ಕೆ ಬಂತು.

ಬಾಕ್ಸಿನ ಮೇಲೆ ಐಪಿ67 ಅಂತ ಬರೆದಿದ್ದರೆ ನಿಶ್ಚಿಂತೆ ಅಂದುಕೊಳ್ಳಬೇಡಿ. ಅದರ ಅರ್ಥ ಒಂದು ಮೀಟರ್ ನೀರಲ್ಲಿ 30 ನಿಮಿಷ ಸುಮ್ನೆ ಇಟ್ಟರೆ ತಡೆಯುತ್ತದೆ ಅಂತ. ನಮ್ಮ ಬಾಕ್ಸ್ ಸುಮ್ನೆ ಕೂರಲ್ಲ. ಬಿಸಿಲಲ್ಲಿ, ಕಂಟ್ರೋಲರ್ ಶಾಖದಲ್ಲಿ ಒಳಗಿನ ಗಾಳಿ ಕಾದಿರುತ್ತದೆ. ನೀವು ಬಿದ್ದ ತಕ್ಷಣ ತಣ್ಣೀರು ತಾಗಿ ಆ ಗಾಳಿ ಕುಗ್ಗುತ್ತದೆ, ಗ್ಯಾಸ್ಕೆಟ್ಟಿನ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಗಾಳಿ ಬಿಟ್ಟು ನೀರು ತಡೆಯುವ ಸಣ್ಣ ವೆಂಟ್ ಪ್ಲಗ್ ಸಿಗುತ್ತದೆ, ಅದನ್ನು ಹಾಕಿಸಿ. ಬಾಕ್ಸಿಗೆ ನನ್ನ ಮಾರ್ಕ್ಸ್ ಐದು, ಅದೂ ವೆಂಟ್ ಹಾಕಿದ ಮೇಲೆ.

ಬ್ಯಾಟರಿಯಲ್ಲಿ ಸಿಕ್ಕಾಪಟ್ಟೆ ಕಿರಿಕಿರಿ ಅನುಭವಿಸಿದೆವು. ಲಿಥಿಯಂ ಬ್ಯಾಟರಿ ವಿಮಾನದಲ್ಲಿ ಪಾರ್ಸೆಲ್ ಬರೋದು ಕಷ್ಟ, ಹಾಗಾಗಿ ಇಲ್ಲೇ ಸೆಲ್ ತಗೊಂಡು ಪ್ಯಾಕ್ ಕಟ್ಟಿಸಬೇಕು. ಮೋಲಿಸೆಲ್ ಕಂಪನಿಯ ಪಿ42ಎ ಸೆಲ್ ಅಂತ ಆರ್ಡರ್ ಮಾಡಿದರೆ ಒಬ್ಬ ಆನ್‌ಲೈನ್ ಮಾರಾಟಗಾರ ಹಳೇ ಸೆಲ್ಲಿಗೆ ಹೊಸ ಸಿಪ್ಪೆ ಸುತ್ತಿ ಕಳಿಸಿದ್ದ. ಅಸಲಿ ಸೆಲ್ 70 ಗ್ರಾಂ ಹತ್ತಿರ ತೂಗುತ್ತದೆ. ಅಶೋಕ ರಸ್ತೆಯ ಪರಿಚಯದ ಚಿನ್ನದಂಗಡಿಗೆ ಹೋಗಿ ತಕ್ಕಡಿ ಮೇಲೆ ಇಟ್ಟಾಗ ಬಂಡವಾಳ ಬಯಲಾಯಿತು: ಒಂದೊಂದೂ ಒಂದೊಂದು ತೂಕ, ಯಾವುದೂ 60 ದಾಟಲಿಲ್ಲ. ದುಡ್ಡು ವಾಪಸ್ ಬರೋಕೆ ಜಗಳ ಆಡಬೇಕಾಯಿತು. ಆಮೇಲೆ ಬೆಂಗಳೂರಿಗೇ ಹೋಗಿ, ನಿಂತು, ಅಳೆದು ತಂದೆವು. ಇಲ್ಲಿ ಇ-ಸ್ಕೂಟರ್ ಪ್ಯಾಕ್ ಮಾಡುವ ಹುಡುಗ ಸ್ಪಾಟ್ ವೆಲ್ಡಿಂಗ್ ಚೆನ್ನಾಗಿ ಮಾಡಿಕೊಟ್ಟ. 12 ಸೀರೀಸ್, 4 ಪ್ಯಾರಲಲ್, ಅಂದರೆ ಪಕ್ಕಪಕ್ಕ ಸೇರಿಸಿದ ನಾಲ್ಕು ನಾಲ್ಕು ಸೆಲ್ಲಿನ ಹನ್ನೆರಡು ಗುಂಪು ಒಂದರ ಹಿಂದೊಂದು, ಒಟ್ಟು 48 ಸೆಲ್, ಸುಮಾರು 725 ವ್ಯಾಟ್-ಅವರ್, ಸೆಲ್ಲಿನ ತೂಕವೇ ಮೂರೂವರೆ ಕೆಜಿ ಹತ್ತಿರ. ಪೂರ್ತಿ ಬರಿದು ಮಾಡದೆ ಓಡಿಸಿದರೆ 35-40 ನಿಮಿಷ. ಅಲೆಯವರ ಹಾಗೆ 2 ಪ್ಯಾರಲಲ್ ಹಾಕಿದ್ದರೆ ಇದರರ್ಧ ಹೊತ್ತಿಗೆ ದಡಕ್ಕೆ ಈಜಬೇಕಿತ್ತು. ಕನೆಕ್ಟರಿಗೆ ಎಕ್ಸ್‌ಟಿ90 ಆಂಟಿ-ಸ್ಪಾರ್ಕ್ ತಗೊಳ್ಳಿ, ಬ್ಯಾಟರಿ ಜೋಡಿಸುವಾಗಲೇ ಕಿಡಿ ಹಾರಿ ಪಿನ್ ಸುಟ್ಟುಹೋಗಬಾರದು.

ರಿಮೋಟಿನ ಬಗ್ಗೆ ಹೇಳೋದು ಜಾಸ್ತಿ ಇಲ್ಲ. 2.4 ಗಿಗಾಹರ್ಟ್ಸ್ ಸಿಗ್ನಲ್ ನೀರೊಳಗೆ ಹೋಗಲ್ಲ, ಬಿದ್ದಾಗ ಕೈ ಮುಳುಗಿದರೆ ಲಿಂಕ್ ಕಟ್ ಆಗಿ ಮೋಟಾರ್ ನಿಲ್ಲುತ್ತದೆ. ನಿಲ್ಲುತ್ತಾ ಅಂತ ದಡದಲ್ಲಿ ಪ್ರೊಪೆಲ್ಲರ್ ಬಿಚ್ಚಿಟ್ಟು ಬಕೆಟ್ಟಲ್ಲಿ ಮುಳುಗಿಸಿ ನೋಡಿದ ಮೇಲೇ ನೀರಿಗಿಳಿಯಿರಿ. ಪ್ರೊಪೆಲ್ಲರಿಗೆ ಸುತ್ತ ಗಾರ್ಡ್ ಇರಲೇಬೇಕು. ಹೆಲ್ಮೆಟ್, ಲೈಫ್ ಜಾಕೆಟ್ ಇಲ್ಲದೆ ಬರುವವರನ್ನು ನಾನು ಹತ್ತಿಸಲ್ಲ, ಭಾವಮೈದನಾದರೂ ಅಷ್ಟೇ.

ಜಾಗದ ವಿಷಯಕ್ಕೆ ಬಂದರೆ, ಮೀನಾಕ್ಷಿಪುರದ ಕಡೆ ಹಿನ್ನೀರು ನೋಡೋಕೆ ಚೆಂದ, ಆದರೆ ಫಾಯಿಲಿಗೆ ಕನಿಷ್ಠ ಎದೆಮಟ್ಟದ ನೀರು ಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ ಬೊಡ್ಡೆಗಳು ಮೇಲಕ್ಕೆ ಹತ್ತಿರ ಬಂದಿರುತ್ತವೆ, ಕಣ್ಣಿಗೆ ಕಾಣಲ್ಲ. ಬಲೆ ಇನ್ನೊಂದು. ಬೆಳಗ್ಗೆ ತೆಪ್ಪದಲ್ಲಿ ಬರುವವರನ್ನು ಕೇಳಿಯೇ ಇಳಿಯಿರಿ, ಒಬ್ಬರು ನಮಗೆ ದೂರದಿಂದಲೇ "ಬಲೆ ಬುಟ್ಟಿವ್ನಿ ಸಾ, ಆ ಕಡೀಕೆ ಓಗ್ಬ್ಯಾಡಿ" ಅಂತ ಕೂಗಿ ಹೇಳಿದರು. ಪ್ರೊಪೆಲ್ಲರಿಗೆ ಬಲೆ ಸುತ್ತಿಕೊಂಡರೆ ನಿಮಗೆ ಕಷ್ಟ, ಅವರಿಗೆ ನಷ್ಟ. ಡ್ಯಾಂ ಹತ್ತಿರಕ್ಕಂತೂ ಹೋಗಲೇಬೇಡಿ, ಎಲ್ಲಿ ಇಳಿದರೂ ಅನುಮತಿ ಕೇಳಿ.

ಈಜು ಬಾರದವರು, ವೈರಿಂಗ್ ಮಾಡೋಕೆ ಬೇಜಾರು ಪಡುವವರು, ವಾರಾಂತ್ಯಕ್ಕೆ ಒಂದು ಆಟಿಕೆ ಬೇಕು ಅಷ್ಟೇ ಅನ್ನುವವರು ಇದಕ್ಕೆ ಕೈ ಹಾಕಬೇಡಿ. ಉಳಿದವರು ಶುರು ಮಾಡಬಹುದು. ಕ್ಲ್ಯಾಂಪಿನ ಡ್ರಾಯಿಂಗ್ ಬೇಕಾದವರು ನಿಮ್ಮ ಮಾಸ್ಟಿನ ಅಗಲ, ದಪ್ಪ ಎರಡೂ ಅಳೆದು ಕಳಿಸಿ, 19 ಮಿಲಿಮೀಟರಿಗಿಂತ ದಪ್ಪ ಇರುವ ಮಾಸ್ಟಿಗೆ ನಮ್ಮದು ಕೂರಲ್ಲ.