ಊರಿನ ಮಾತನ್ನು ಎದುರಿಸಲು ಕಲಿಸಿದ ಆಪ್ತಸಮಾಲೋಚನೆ: ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಜೊತೆಗಿನ ಸೇವೆಯೊಂದರ ವಿಮರ್ಶೆ

ತೂಕ ಇಳಿಸುವ ಶಸ್ತ್ರಚಿಕಿತ್ಸೆಯನ್ನು ಆಯ್ದುಕೊಂಡವರಿಗೆ ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯು ಚಿಕಿತ್ಸೆಯ ಜೊತೆಯಲ್ಲೇ ಆಪ್ತಸಮಾಲೋಚನೆಯನ್ನೂ ಕೊಡುತ್ತದೆ. ಈ ಬರಹ ಆ ಸಮಾಲೋಚನೆಯ ಬಗ್ಗೆ ಮಾತ್ರ. ಶಸ್ತ್ರಚಿಕಿತ್ಸಕರ ಕೌಶಲವನ್ನೂ ವಾರ್ಡಿನ ಸೌಕರ್ಯವನ್ನೂ ಕುರಿತು ಹೇಳಲು ಬೇರೆಯವರಿದ್ದಾರೆ. ಕಾಸರಗೋಡಿನ ಬದಿಯಡ್ಕದ ಸಮೀಪದ ಹಳ್ಳಿಯೊಂದರಿಂದ ಹೋದ ನನಗೆ ಹೊಲಿಗೆಯ ನೋವಿಗಿಂತ ಜನರ ಮಾತಿನ ನೋವೇ ಹೆಚ್ಚಾಗಿದ್ದುದರಿಂದ ಆ ಭಾಗವನ್ನೇ ವಿವರವಾಗಿ ಬರೆಯುತ್ತಿದ್ದೇನೆ. ಮೆಚ್ಚುಗೆಯ ಜೊತೆಗೆ ಕೆಲವು ದೂರುಗಳೂ ಇರುವುದರಿಂದ ಆಸ್ಪತ್ರೆಯ ಹೆಸರನ್ನು ಬಿಟ್ಟಿದ್ದೇನೆ. ಇಂತಹ ಸೇವೆಯನ್ನು ಎಲ್ಲಿ ಪಡೆಯುವವರಿಗಾದರೂ ಮೊದಲೇ ಏನನ್ನು ಕೇಳಿ ತಿಳಿಯಬೇಕು ಎಂಬುದು ಇದರಿಂದ ಗೊತ್ತಾದರೆ ಸಾಕು.

ನನಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಿತ್ತು, ನಿದ್ದೆಯಲ್ಲಿ ಉಸಿರು ಕಟ್ಟುತ್ತಿತ್ತು, ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಅಳೆಯುವ ಬಿಎಂಐ 35ನ್ನು ದಾಟಿತ್ತು. ವೈದ್ಯರು ಶಸ್ತ್ರಚಿಕಿತ್ಸೆಯ ಮಾತೆತ್ತಿದ ಸುದ್ದಿ ನೀರ್ಚಾಲು, ಪೆರ್ಲದ ಕಡೆಯ ನೆಂಟರಿಗೆಲ್ಲ ಮುಟ್ಟಲು ಒಂದು ಉಪನಯನದ ಊಟ ಸಾಕಾಯಿತು. "ಬಾಯಿ ಕಟ್ಟಿದರೆ ಮುಗಿಯಿತಲ್ಲ, ಅದಕ್ಕೆ ಹೊಟ್ಟೆ ಕೊಯ್ಯಿಸಬೇಕಾ?" ಎಂದು ದೊಡ್ಡಮ್ಮ ಕೇಳಿದರು. ತೋಟಕ್ಕೆ ಇಳಿದು ನಾಲ್ಕು ದಿನ ಅಡಿಕೆ ಹೆಕ್ಕಿದರೆ ತನ್ನಿಂದ ತಾನೇ ಕರಗುತ್ತದೆ ಎಂದು ಭಾವ ಹೇಳಿದರು. "ಅಷ್ಟು ದುಡ್ಡು ಸುರಿದು ಚಂದ ಆಗಬೇಕಾ ಮಾರಾಯ್ತಿ?" ಎಂದವರು ನೆರೆಮನೆಯವರು. ಯಾರೋ ಒಬ್ಬರು ಆಪರೇಷನ್ ಟೇಬಲಿನಿಂದ ಏಳಲೇ ಇಲ್ಲವಂತೆ ಎಂಬ ಕತೆಯನ್ನು ಹೆಸರು, ಊರು ಯಾವುದೂ ಇಲ್ಲದೆ ಹೇಳಿದವರೂ ಇದ್ದರು. ವರ್ಷಗಟ್ಟಲೆ ರಾತ್ರಿಯ ಅನ್ನ ಬಿಟ್ಟು, ಕಷಾಯ ಕುಡಿದು, ಇಳಿದ ತೂಕ ಮತ್ತೆ ಏರಿದ್ದನ್ನು ಕಂಡವರೇ ಹೀಗೆ ಮಾತಾಡಿದಾಗ, ನಿರ್ಧಾರವನ್ನೇ ಕೈಬಿಟ್ಟರೆ ಹೇಗೆ ಎಂಬಷ್ಟು ಮನಸ್ಸು ಕುಗ್ಗಿತ್ತು.

ಸಮಾಲೋಚಕಿಯ ಮೊದಲ ಕೆಲಸವೇ ನನಗೆ ಹಿಡಿಸಿತು. ಧೈರ್ಯದ ಮಾತು ಹೇಳುವ ಮೊದಲು, ಕೇಳಿದ ಮಾತುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು, ಪ್ರತಿಯೊಂದರ ಎದುರಿಗೆ ಅದನ್ನು ಹೇಳಿದವರು ನನ್ನ ಮೇಲಿನ ಕಾಳಜಿಯಿಂದ ಹೆದರಿ ಹೇಳಿದ್ದೋ ನನ್ನ ನಡತೆಯನ್ನು ತೂಗಿ ಹೇಳಿದ್ದೋ ಎಂದು ಗುರುತು ಹಾಕಿ ತರಲು ತಿಳಿಸಿದರು. ಹೆದರಿದವರಿಗೆ ಮಾಹಿತಿ ಕೊಡಬೇಕು. ತೂಗಿ ನೋಡುವವರಿಗೆ ಮಾಹಿತಿ ಕೊಟ್ಟಷ್ಟೂ ವಾದ ಬೆಳೆಯುತ್ತದೆ, ಅವರಿಗೆ ಒಂದೇ ವಾಕ್ಯ ಸಾಕು ಎಂಬುದು ಸಮಾಲೋಚಕಿಯ ನಿಲುವು. "ವೈದ್ಯರ ಹತ್ತಿರ ಮಾತಾಡಿ ತೀರ್ಮಾನ ಮಾಡಿದ್ದೇವೆ" ಎಂದು ಹೇಳಿ ಬೇರೆ ವಿಷಯಕ್ಕೆ ಹೊರಳುವುದನ್ನು ಅವರ ಕೋಣೆಯಲ್ಲೇ ಗಟ್ಟಿಯಾಗಿ ಹೇಳಿಸಿ ಅಭ್ಯಾಸ ಮಾಡಿಸಿದರು. ಯಾರಿಗೆ ಎಷ್ಟು ಹೇಳಬೇಕೆಂಬುದು ರೋಗಿಯ ಹಕ್ಕು, ಹೇಳದೆ ಇರುವುದು ಸುಳ್ಳಲ್ಲ ಎಂದು ಅವರು ಬಿಡಿಸಿ ಹೇಳಿದ ಮೇಲೆ ನನ್ನ ಹೆಗಲ ಭಾರ ಬಹಳಷ್ಟು ಇಳಿಯಿತು.

ಇದೆಲ್ಲ ಕನ್ನಡದಲ್ಲಿ ನಡೆಯಿತು ಎಂಬುದನ್ನು ಒತ್ತಿ ಹೇಳಬೇಕು. ಕೇರಳದ ಆಸ್ಪತ್ರೆಗಳಲ್ಲಿ ಮಲಯಾಳದಲ್ಲಿ ನಾವು ವ್ಯವಹರಿಸುತ್ತೇವೆ, ಜ್ವರ, ಕೆಮ್ಮಿಗೆ ಅದು ಸಾಕು. ಆದರೆ ಊಟದ ಪಂಕ್ತಿಯಲ್ಲಿ ಕುಳಿತಾಗ ಆಗುವ ಅವಮಾನವನ್ನು ನನಗೆ ಮನೆಯ ಮಾತಿನಲ್ಲಿ ಮಾತ್ರ ಹೇಳಲು ಸಾಧ್ಯವಿತ್ತು. ಗಡಿಯ ತಲಪಾಡಿ ದಾಟಿ ಹೋಗುವ ಕಾಸರಗೋಡಿನ ಕನ್ನಡಿಗರಿಗೆ ಈ ಒಂದು ಕಾರಣಕ್ಕೇ ಪ್ರಯಾಣ ಸಾರ್ಥಕವೆನಿಸಬಹುದು.

ಮಾಹಿತಿಯ ಭಾಗವೂ ಗಟ್ಟಿಯಾಗಿತ್ತು. ನನಗೆ ಮಾಡಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಅದರಲ್ಲಿ ಜಠರದ ಸುಮಾರು ಮುಕ್ಕಾಲು ಪಾಲನ್ನು ತೆಗೆಯುತ್ತಾರೆ, ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಮುಖ್ಯವಾಗಿ ತಯಾರಾಗುವ ಮೇಲ್ಭಾಗವೂ ಅದರ ಜೊತೆಗೇ ಹೋಗುತ್ತದೆ. ಬರೀ ಪಥ್ಯದಿಂದ ತೂಕ ಇಳಿದಾಗ ಆಗುವುದು ಇದಕ್ಕೆ ವಿರುದ್ಧ: ದೇಹವು ಶಕ್ತಿಯ ಖರ್ಚನ್ನು ಕಡಿಮೆ ಮಾಡುತ್ತದೆ, ಗ್ರೆಲಿನ್ ಏರುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಥ್ಯದಿಂದ ತೂಕ ಇಳಿಸಿಕೊಂಡವರ ಹಸಿವಿನ ಹಾರ್ಮೋನುಗಳು ಒಂದು ವರ್ಷ ಕಳೆದರೂ ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ದೊಡ್ಡಮ್ಮನ ಪ್ರಶ್ನೆಗೆ ಉತ್ತರ ಇಲ್ಲಿತ್ತು. ನಾನು ಬಾಯಿ ಕಟ್ಟಿರಲಿಲ್ಲವೆಂದಲ್ಲ, ಕಟ್ಟಿದ ಬಾಯಿಯ ವಿರುದ್ಧ ನನ್ನ ದೇಹವೇ ಕೆಲಸ ಮಾಡುತ್ತಿತ್ತು.

ಅಪಾಯದ ವಿಷಯವನ್ನೂ ಆಸ್ಪತ್ರೆಯವರು ಮುಚ್ಚಿಡಲಿಲ್ಲ. ಹೊಲಿಗೆಯ ಜಾಗದಲ್ಲಿ ಸೋರಿಕೆ, ರಕ್ತಸ್ರಾವ, ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು, ಮುಂದೆ ಕಾಡಬಹುದಾದ ಎದೆಯುರಿ, ಜೀವನಪೂರ್ತಿ ತೆಗೆದುಕೊಳ್ಳಬೇಕಾದ ವಿಟಮಿನ್ ಬಿ12, ಕಬ್ಬಿಣ, ಕ್ಯಾಲ್ಸಿಯಂ ಎಲ್ಲವನ್ನೂ ವಿವರಿಸಿ, ಅನುಭವವಿರುವ ಕೇಂದ್ರಗಳಲ್ಲಿ ಸಾವಿನ ಸಂಭವ ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸೆಗೆ ಹತ್ತಿರದ್ದು, ಅಂದರೆ ಬಹಳ ಕಡಿಮೆ ಎಂದು ತಿಳಿಸಿದರು. ಈ ಪಟ್ಟಿಯನ್ನು ಕೇಳಿದ ಮೇಲೆ ಇದು ಸುಲಭದ ಅಡ್ಡದಾರಿ ಎಂಬ ಮಾತು ನನ್ನನ್ನು ಮೊದಲಿನಂತೆ ಚುಚ್ಚಲಿಲ್ಲ.

ನನ್ನ ಲೆಕ್ಕದಲ್ಲಿ ಈ ಸೇವೆಯ ಅತ್ಯುತ್ತಮ ಭಾಗವೆಂದರೆ ಮನೆಯವರನ್ನು ಕೂರಿಸಿ ಮಾತಾಡುವ ಭೇಟಿ. ನನ್ನ ಅತ್ತೆಯವರು ಮನಸ್ಸಿಲ್ಲದ ಮನಸ್ಸಿನಿಂದ ಬಂದಿದ್ದರು. "ಹೊಟ್ಟೆಯೇ ಇಲ್ಲದ ಮೇಲೆ ಇವಳು ಉಣ್ಣುವುದು ಏನನ್ನು?" ಎಂದು ಅವರು ಕೇಳಿದಾಗ ಯಾರೂ ನಗಲಿಲ್ಲ. ಆಹಾರತಜ್ಞೆ ಅವರ ಎದುರಿಗೇ ಕುಳಿತು, ಮೊದಲ ದಿನಗಳಲ್ಲಿ ಗಂಜಿತಿಳಿ, ಸೋಸಿದ ಬೇಳೆ ನೀರು, ನೀರುಮಜ್ಜಿಗೆ. ಆಮೇಲೆ ನುಣ್ಣಗೆ ಕಿವುಚಿದ ಹೆಸರುಬೇಳೆ, ಮೊಸರು. ವಾರಗಳು ಕಳೆದಂತೆ ಮೆತ್ತಗಿನ ಅನ್ನ, ತಂಬುಳಿ ಎಂದು ಮನೆಯ ಅಡುಗೆಯಿಂದಲೇ ದಾರಿ ತೋರಿಸಿದರು. ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನ್ ಒಳಗೆ ಹೋಗಬೇಕಾದುದರಿಂದ ತಟ್ಟೆಯಲ್ಲಿ ಅನ್ನಕ್ಕಿಂತ ಮೊದಲು ಬೇಳೆ, ಮೊಸರು, ಪನೀರು ಮುಗಿಯಬೇಕು ಎಂದರು. ಅತ್ತೆಯವರ ಮಾತಿನ ಹಿಂದೆ ಇದ್ದದ್ದು ಹೆದರಿಕೆ ಮಾತ್ರ ಎಂಬುದು ಆ ಹೊತ್ತಿನಲ್ಲಿ ನನಗೆ ಕಂಡಿತು. ಮನೆಗೆ ಬಂದವರು ಏನಾದರೂ ಅಂದರೆ ಈಗ ಉತ್ತರ ಕೊಡುವವರು ಅವರೇ, ಮತ್ತು ಅವರ ಉತ್ತರಕ್ಕೆ ನಮ್ಮ ನೆಂಟರಲ್ಲಿ ಇರುವ ತೂಕ ನನ್ನ ಉತ್ತರಕ್ಕೆ ಎಂದೂ ಬರಲಾರದು.

ಸಮಾರಂಭಗಳ ಊಟದ ಬಗ್ಗೆ ಆಸ್ಪತ್ರೆಯವರು ಕೊಟ್ಟ ಸಲಹೆಗಳು ಉಪಯುಕ್ತವಾದರೂ ಸಾಲದು. ಪಂಕ್ತಿಯ ಕೊನೆಯಲ್ಲಿ ಕುಳಿತುಕೊಳ್ಳಿ, ಬಡಿಸುವವರಿಗೆ ಮೊದಲೇ ತಿಳಿಸಿ, ಊಟದ ಜೊತೆ ನೀರು ಬೇಡ, ಊಟವಾಗಿ ಅರ್ಧ ಗಂಟೆ ಕಳೆದ ಮೇಲೆ ಗುಟುಕರಿಸಿ ಎಂದರು. ನಮ್ಮಲ್ಲಿ ಹೋಳಿಗೆ ಬಡಿಸುವವರಿಗೆ ಬೇಡ ಎನ್ನುವುದು ಅವರ ಉಪಚಾರವನ್ನು ತಳ್ಳಿದಂತಾಗುತ್ತದೆ, ನಿಧಾನವಾಗಿ ಅಗಿದು ಉಣ್ಣುವವರಿಗಾಗಿ ಇಡೀ ಪಂಕ್ತಿ ಕಾದು ಕುಳಿತಿರುತ್ತದೆ, ಎಲ್ಲರ ಕಣ್ಣು ಒಂದೇ ಎಲೆಯ ಮೇಲೆ ಬೀಳುತ್ತದೆ. ಇದಕ್ಕೆ ದಾರಿ ತೋರಿಸಿದ್ದು ಆಸ್ಪತ್ರೆಯವರಲ್ಲ, ಇದೇ ಚಿಕಿತ್ಸೆ ಪಡೆದ ಕುಂಬಳೆ ಕಡೆಯ ಅಕ್ಕ ಒಬ್ಬರು. ಎಲೆಗೆ ಎಲ್ಲವನ್ನೂ ಚಿಟಿಕೆಯಷ್ಟು ಹಾಕಿಸಿಕೊಂಡು, ಮನೆಯ ಯಜಮಾನಿತಿಗೆ ಹಿಂದಿನ ದಿನವೇ ಫೋನು ಮಾಡಿ ಹೇಳಿಟ್ಟರೆ ಒತ್ತಾಯದ ಪ್ರಶ್ನೆಯೇ ಬರುವುದಿಲ್ಲ ಎಂದು ಅವರು ಹೇಳಿದ್ದು ನನಗೆ ಪ್ರತಿ ಮದುವೆಯಲ್ಲೂ ನೆರವಾಗಿದೆ. ಹಳೆಯ ರೋಗಿಗಳನ್ನೂ ಹೊಸಬರನ್ನೂ ಒಟ್ಟಿಗೆ ಕೂರಿಸುವ ಸಭೆಗಳನ್ನು ಈ ವಿಭಾಗವು ಇನ್ನೂ ಹೆಚ್ಚು ನಡೆಸಬೇಕು.

ಈಗ ದೂರುಗಳು. ಇಡೀ ಸಮಾಲೋಚನೆಯು ಶಸ್ತ್ರಚಿಕಿತ್ಸೆಗೆ ಮುಂಚಿನ ಮಾತುಗಳಿಗೆ ಸಿದ್ಧಪಡಿಸುತ್ತದೆಯೇ ಹೊರತು ಆಮೇಲಿನ ಮಾತುಗಳಿಗಲ್ಲ. ಕೆಲವು ತಿಂಗಳಲ್ಲಿ ಮುಖ ಇಳಿದು ಕೂದಲು ಉದುರತೊಡಗಿದಾಗ "ಸೊರಗಿ ಹೋಗಿದ್ದಿಯಲ್ಲ, ಏನು ಕಾಯಿಲೆ?" ಎಂದು ಜನ ಕೇಳಿದರು, ದೊಡ್ಡ ರೋಗವನ್ನೇ ಅಡಗಿಸಿಟ್ಟಿದ್ದೇನೆ ಎಂದು ಕೆಲವರು ನಂಬಿದ್ದರು. ವೇಗವಾಗಿ ತೂಕ ಇಳಿದಾಗ ಮೂರನೆಯ ತಿಂಗಳ ಹೊತ್ತಿಗೆ ಕೂದಲು ಉದುರುವುದು ಸಾಮಾನ್ಯ, ಪೋಷಣೆ ಸರಿಯಿದ್ದರೆ ಹೆಚ್ಚಿನವರಲ್ಲಿ ಮತ್ತೆ ಬೆಳೆಯುತ್ತದೆ ಎಂಬ ವಿವರವನ್ನು ನಾನು ಕೇಳಿ ಪಡೆಯಬೇಕಾಯಿತು. ಹೊಗಳಿಕೆಯೂ ಒಂದು ಬಗೆಯ ಭಾರವೇ. "ಈಗ ನೋಡಲು ಚಂದ ಕಾಣುತ್ತಿ" ಎಂದಾಗ ಮೊದಲಿನ ನನ್ನ ಬಗ್ಗೆ ಅವರು ಏನೆಂದುಕೊಂಡಿದ್ದರು ಎಂಬುದು ತಿಳಿದು ನೋವಾಗುತ್ತದೆ. ರೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಯಾರದು ಎಷ್ಟು ಕಿಲೋ ಇಳಿಯಿತು ಎಂಬ ಪೈಪೋಟಿಯೇ ಹೆಚ್ಚಾಗಿದ್ದು, ತೂಕ ನಿಂತುಬಿಟ್ಟ ವಾರಗಳಲ್ಲಿ ಅದನ್ನು ಓದುವುದು ಹಿಂಸೆಯಾಗುತ್ತಿತ್ತು. ಅದನ್ನು ನಿರ್ವಹಿಸುವವರು ಯಾರೂ ಇರಲಿಲ್ಲ.

ಇನ್ನೂ ಬೇಸರದ ಸಂಗತಿ ನಡೆದದ್ದು ವಿಮೆಯ ಕೌಂಟರಿನಲ್ಲಿ. ಸರತಿಯಲ್ಲಿ ನಿಂತವರಿಗೆಲ್ಲ ಕೇಳುವಂತೆ "ಇದು ಸೌಂದರ್ಯದ ಆಪರೇಷನ್, ಕ್ಲೇಮು ಸಿಗಲಿಕ್ಕಿಲ್ಲ" ಎಂದು ಅಲ್ಲಿನ ಸಿಬ್ಬಂದಿ ಹೇಳಿದರು. ಆ ಮಾತು ನಿಯಮಕ್ಕೂ ಹೊಂದುವುದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, 18 ತುಂಬಿದವರಲ್ಲಿ ಬಿಎಂಐ 40 ಅಥವಾ ಹೆಚ್ಚಿದ್ದರೆ, ಇಲ್ಲವೇ 35 ಅಥವಾ ಹೆಚ್ಚಿದ್ದು ಹತೋಟಿಗೆ ಬಾರದ ಟೈಪ್ 2 ಮಧುಮೇಹ, ತೀವ್ರ ನಿದ್ರಾ ಉಸಿರುಕಟ್ಟುವಿಕೆ, ಹೃದಯದ ಕಾಯಿಲೆಗಳಂತಹ ತೊಂದರೆಗಳಿದ್ದು, ಬೇರೆ ಸೌಮ್ಯ ಕ್ರಮಗಳು ಫಲಿಸದಿದ್ದರೆ, ವೈದ್ಯರ ಸಲಹೆಯ ಮೇಲೆ ನಡೆಯುವ ಇಂತಹ ಶಸ್ತ್ರಚಿಕಿತ್ಸೆಯನ್ನು ಸ್ಥೂಲಕಾಯದ ಹೆಸರಿನಲ್ಲಿ ಹೊರಗಿಡುವಂತಿಲ್ಲ. ಪಾಲಿಸಿಯ ಕಾಯುವ ಅವಧಿ ಮುಂತಾದ ಷರತ್ತುಗಳು ಬೇರೆ. ಒಂದೇ ಕಟ್ಟಡದ ಮೇಲಿನ ಮಹಡಿಯಲ್ಲಿ ನಾಚಿಕೆ ಬಿಡಿಸುವ ಕೆಲಸ ನಡೆಯುವಾಗ ಕೆಳಗಿನ ಕೌಂಟರಿನಲ್ಲಿ ಅದೇ ನಾಚಿಕೆಯನ್ನು ಮತ್ತೆ ಹೊರಿಸಬಾರದು. ಈ ಬಗ್ಗೆ ಲಿಖಿತವಾಗಿ ದೂರು ಕೊಟ್ಟೆ. ಸಮಾಲೋಚಕಿ ಕ್ಷಮೆ ಕೇಳಿದರು, ಆದರೆ ತಪ್ಪು ಅವರದಾಗಿರಲಿಲ್ಲ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಹಣ ಕಟ್ಟುವ ಮೊದಲು ಕೇಳಬೇಕಾದ ಸಂಗತಿಗಳು ಇವು: ಮನೆಯವರ ಭೇಟಿ ಪ್ಯಾಕೇಜಿನಲ್ಲಿ ಸೇರಿದೆಯೇ, ಸಮಾಲೋಚಕರಿಗೆ ಕನ್ನಡ ಚೆನ್ನಾಗಿ ಬರುತ್ತದೆಯೇ, ಶಸ್ತ್ರಚಿಕಿತ್ಸೆಯಾಗಿ ಆರು ತಿಂಗಳ ನಂತರವೂ ಮಾತಾಡಲು ಯಾರಿರುತ್ತಾರೆ, ಆಗ ಶುಲ್ಕ ಬೇರೆಯೇ. ವೀಡಿಯೊ ಕರೆಯ ಸೌಲಭ್ಯವಿದ್ದರೂ ನಮ್ಮ ಗುಡ್ಡದ ಬುಡದ ಮನೆಗಳಲ್ಲಿ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ಮಧ್ಯಾಹ್ನದ ಮೊದಲಿನ ಸಮಯ ಕೇಳಿ ಪಡೆದರೆ ಬೆಳಗಿನ ರೈಲಿನಲ್ಲಿ ಹೋಗಿ ಕತ್ತಲಾಗುವ ಮೊದಲು ಮನೆ ಸೇರಬಹುದು.